ತಾತನ ಫೋನಿನಲ್ಲಿ ಲೇತ್ ಯಂತ್ರ

"ತಾತ, ದಿನಾ ಮೂರು ಗಂಟೆ ನಿಮ್ಮ ಫೋನು ನನಗೆ ಬೇಕು. ಲೇತ್ ಕಲೀಬೇಕು."

2021ರ ಮೇ ತಿಂಗಳ ಒಂದು ಬೆಳಗ್ಗೆ ಮೊಮ್ಮಗ ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟೆ. ಲೇತ್ ಅಂದರೆ ಕಬ್ಬಿಣದ ಸರಳನ್ನು ಗರಗರನೆ ತಿರುಗಿಸಿ, ಅದಕ್ಕೆ ಹರಿತವಾದ ಟೂಲ್ ತಾಗಿಸಿ, ಬೇಕಾದ ಅಳತೆಗೆ ತರುವ ಯಂತ್ರ. ನಾಲ್ಕಾರು ಜನ ಸೇರಿದರೂ ಅಲುಗದ ಆ ಯಂತ್ರವನ್ನು ಅಂಗೈಯಗಲದ ಫೋನಿನಲ್ಲಿ ಕಲಿಯುವುದು ಹೇಗೆ?

"ಬಾವಿಗಿಳಿಯದೆ ಈಜು ಕಲೀತೀನಿ ಅಂದ ಹಾಗಾಯ್ತಲ್ಲೋ" ಎಂದೆ.

"ಏನ್ ಮಾಡ್ಲಿ ತಾತ, ಬಾವಿಗೇ ಬೀಗ ಹಾಕಿದಾರಲ್ಲ!" ಎಂದ.

ಅವನ ಮಾತು ನಿಜವಾಗಿತ್ತು. 2020ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐನಲ್ಲಿ ಟರ್ನರ್ ವಿಭಾಗಕ್ಕೆ ಸೇರಿದ್ದ. ಕೊರೊನಾ ಕಾರಣ ಪ್ರವೇಶವೇ ತಡ. ಅರ ಹಿಡಿದು ಕಬ್ಬಿಣದ ತುಂಡು ಉಜ್ಜುವುದನ್ನು ಆಗಷ್ಟೇ ಶುರು ಮಾಡಿದ್ದರು. ಅಷ್ಟರಲ್ಲಿ ಏಪ್ರಿಲ್ ಕೊನೆಗೆ ಎರಡನೆಯ ಸಲ ಎಲ್ಲವೂ ಬಂದ್ ಆಯಿತು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಅವನು ಐಟಿಐಗೆ ಸೇರಿದ್ದು ನನಗೆ ಅಷ್ಟಾಗಿ ಇಷ್ಟವಿರಲಿಲ್ಲ. ನನ್ನಂತೆ ಬಿಕಾಂ ಓದಲಿ, ಬ್ಯಾಂಕಿಗೆ ಸೇರಲಿ ಎಂಬ ಆಸೆ. "ನಮ್ಮ ಮನೇಲಿ ಯಾರೂ ಕೈಗೆ ಗ್ರೀಸ್ ಮೆತ್ತಿಕೊಂಡವರಲ್ಲ" ಎಂದೂ ಹೇಳಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ತುಮಕೂರಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ನೌಕರರು ಸಂಬಳದ ದಿನ ನಮ್ಮ ಕೌಂಟರಿಗೆ ಬರುತ್ತಿದ್ದರು. ನನ್ನ ಮಣಿಕಟ್ಟಿನಲ್ಲಿದ್ದದ್ದೂ ಎಚ್‌ಎಂಟಿ ಗಡಿಯಾರವೇ. ಅದರೊಳಗಿನ ಎಳ್ಳುಕಾಳಿನಷ್ಟು ಸ್ಕ್ರೂವನ್ನು ಹೇಗೆ ಮಾಡುತ್ತೀರಿ ಎಂದು ಅವರಲ್ಲಿ ಒಬ್ಬರನ್ನಾದರೂ ಕೇಳಲಿಲ್ಲ.

ಇನ್ನೊಂದು ಚಿಂತೆಯೂ ಇತ್ತು. ಪಕ್ಕದ ಬೀದಿಯ ದಿನಸಿ ಅಂಗಡಿಯವರು ಮನೆಮನೆಗೆ ಸಾಮಾನು ತಲುಪಿಸಲು ಹುಡುಗನನ್ನು ಹುಡುಕುತ್ತಿದ್ದರು. ಮಗನ ಸಂಪಾದನೆ ಆಗ ಅರ್ಧಕ್ಕೆ ಇಳಿದಿತ್ತು. "ಸುಮ್ಮನೆ ಕೂತಿರೋದಕ್ಕಿಂತ ಹೋಗಲಿ ಬಿಡಿ" ಎಂದು ಅವನೂ ಹೇಳತೊಡಗಿದ್ದ. ಒಮ್ಮೆ ಕೈಗೆ ಕಾಸು ಬಂದ ಹುಡುಗ ಮತ್ತೆ ತರಗತಿಗೆ ಹೋಗುವುದು ಕಷ್ಟ. ಅದು ನನಗೆ ಗೊತ್ತಿತ್ತು. ಹಾಗಾಗಿ ಫೋನು ಕೊಟ್ಟೆ. ಜೊತೆಗೆ ನಾನೂ ಪಕ್ಕದಲ್ಲಿ ಕೂತೆ.

ಮೊದಲು ಬಂದದ್ದು ವರ್ನಿಯರ್ ಕ್ಯಾಲಿಪರ್ ಪಾಠ. ಮಕ್ಕಳೇ, ನಿಮ್ಮ ಸ್ಕೇಲಿನಲ್ಲಿ ಅಳೆಯಬಹುದಾದ ಅತಿ ಚಿಕ್ಕ ಅಳತೆ 1 ಮಿಲಿಮೀಟರ್. ಯಂತ್ರದ ಬಿಡಿಭಾಗಗಳಿಗೆ ಅದು ಸಾಲದು. ಪಿಯರ್ ವರ್ನಿಯರ್ ಎಂಬ ಫ್ರೆಂಚ್ ಗಣಿತಜ್ಞ 1631ರಲ್ಲಿ ಇದಕ್ಕೊಂದು ಜಾಣ ಉಪಾಯ ತೋರಿಸಿದ. ದೊಡ್ಡ ಸ್ಕೇಲಿನ ಪಕ್ಕದಲ್ಲಿ ಜಾರುವ ಚಿಕ್ಕ ಸ್ಕೇಲೊಂದನ್ನು ಇಡುವುದು. ಕಾರ್ಖಾನೆಗಳಲ್ಲಿ ಬಳಸುವ ಒಂದು ಬಗೆಯಲ್ಲಿ 49 ಮಿ.ಮೀ. ಉದ್ದವನ್ನು 50 ಸಮಭಾಗ ಮಾಡಿರುತ್ತಾರೆ. ಒಂದು ಭಾಗಕ್ಕೆ 0.98 ಮಿ.ಮೀ. ದೊಡ್ಡ ಸ್ಕೇಲಿನ ಮನೆಗೂ ಚಿಕ್ಕದರ ಮನೆಗೂ 0.02 ಮಿ.ಮೀ. ವ್ಯತ್ಯಾಸ. ಆ ವ್ಯತ್ಯಾಸವೇ ಅಳತೆಗೋಲು. ದೊಡ್ಡ ಸ್ಕೇಲಿನಲ್ಲಿ 24 ದಾಟಿದೆ, ಚಿಕ್ಕದರ 18ನೇ ಗೆರೆ ಮೇಲಿನ ಒಂದು ಗೆರೆಗೆ ಸರಿಯಾಗಿ ಕೂಡಿದೆ ಅನ್ನೋಣ. 18ನ್ನು 0.02ರಿಂದ ಗುಣಿಸಿದರೆ 0.36. ಅಂದರೆ ಅಳತೆ 24.36 ಮಿ.ಮೀ.

ಕ್ಯಾಲಿಪರ್ ಇರುವುದು ಐಟಿಐನಲ್ಲಿ, ಅಲ್ಲಿಗೆ ಬೀಗ. ಹಾಗಾಗಿ ನಾವಿಬ್ಬರೂ ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಒಂದನ್ನು ಮಾಡಿದೆವು. ನೀವೂ ಮಾಡಬಹುದು. ಒಂದು ಪಟ್ಟಿಯಲ್ಲಿ 1 ಸೆಂ.ಮೀ.ಗೊಂದರಂತೆ 0ಯಿಂದ 20ರವರೆಗೆ ಗೆರೆ ಹಾಕಿ. ಇನ್ನೊಂದರಲ್ಲಿ 9 ಮಿ.ಮೀ.ಗೊಂದರಂತೆ 0ಯಿಂದ 10ರವರೆಗೆ ಹಾಕಿ. ಮೊದಲ ಪಟ್ಟಿಯ 0ಗೆ ಪೆನ್ಸಿಲಿನ ಒಂದು ತುದಿ ಹೊಂದಿಸಿ, ಇನ್ನೊಂದು ತುದಿಗೆ ಎರಡನೆಯ ಪಟ್ಟಿಯ 0 ತನ್ನಿ. ಅದು 7 ಮತ್ತು 8ರ ನಡುವೆ ಬಂದು, ನಾಲ್ಕನೇ ಗೆರೆ ಮೇಲಿನ ಗೆರೆಗೆ ಕೂಡಿದರೆ ಪೆನ್ಸಿಲ್ 7.4 ಸೆಂ.ಮೀ. ಮೊದಲ ಸಲ ಅದು ಕೂಡಿದಾಗ, ಸಂಜೆ ಬ್ಯಾಂಕಿನಲ್ಲಿ ಜಮೆ-ಖರ್ಚು ತಾಳೆಯಾದಷ್ಟೇ ಖುಷಿ ನನಗೆ!

ಆಮೇಲೆ ಸಿಎನ್‌ಸಿ ಪಾಠ. ಈಗಿನ ಲೇತ್‌ಗಳನ್ನು ಹೆಚ್ಚಾಗಿ ಕಂಪ್ಯೂಟರ್ ನಡೆಸುತ್ತದೆ. ಅದಕ್ಕೆ ಆಜ್ಞೆಗಳನ್ನು ಸಾಲುಸಾಲಾಗಿ ಬರೆದುಕೊಡಬೇಕು. ಜಿ00 ಅಂದರೆ ಕತ್ತರಿಸದೆ ಬೇಗ ಆ ಜಾಗಕ್ಕೆ ಹೋಗು. ಜಿ01 ಅಂದರೆ ಹೇಳಿದ ವೇಗದಲ್ಲಿ ಕತ್ತರಿಸುತ್ತಾ ನೇರ ಸಾಗು. ಎಂ03 ಅಂದರೆ ತಿರುಗಲು ಶುರು ಮಾಡು, ಎಂ05 ಅಂದರೆ ನಿಲ್ಲು. ಫೋನಿನಲ್ಲೇ ಯಂತ್ರದ ಅಣಕು, ಅಂದರೆ ಸಿಮ್ಯುಲೇಟರ್, ಇರುತ್ತದೆ. ಒಂದು ದಿನ ಜಿ01 ಬರೆಯಬೇಕಾದ ಕಡೆ ಮೊಮ್ಮಗ ಜಿ00 ಬರೆದ. ಟೂಲ್ ರಭಸದಿಂದ ಹೋಗಿ ಸರಳಿಗೆ ಬಡಿಯಿತು, ಪರದೆ ಕೆಂಪಾಯಿತು. ಕಾರ್ಖಾನೆಯಲ್ಲಾಗಿದ್ದರೆ ಟೂಲ್ ಮುರಿದು ಸಾವಿರಾರು ರೂಪಾಯಿ ನಷ್ಟ. ಇಲ್ಲಿ ಒಂದು ಪೈಸೆ ಖರ್ಚಿಲ್ಲದೆ ನೂರು ಸಲ ತಪ್ಪು ಮಾಡಿ ಕಲಿಯಬಹುದು. ದೂರಶಿಕ್ಷಣದ ಈ ಲಾಭವನ್ನು ನಾನು ಕಣ್ಣಾರೆ ಕಂಡೆ.

ಎಲ್ಲರಿಗೂ ಆ ಲಾಭ ಸಿಗಲಿಲ್ಲ ಎನ್ನುವುದೂ ನಿಜ. ಮೊಮ್ಮಗನ ತರಗತಿಯಲ್ಲಿ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಮನೆಗೆಲ್ಲಾ ಒಂದೇ ಫೋನು, ಅದು ಅಪ್ಪನ ಜೊತೆ ತೋಟಕ್ಕೆ ಹೋಗುತ್ತಿತ್ತು. ಹಗಲಿನ ಪಾಠ ತಪ್ಪುತ್ತಿತ್ತು. ರಾತ್ರಿ ಒಂಬತ್ತರ ಮೇಲೆ ಮೊಮ್ಮಗ ಅಂದಿನ ಪಾಠದ ಪುಟಗಳ ಫೋಟೊ ಕಳಿಸುತ್ತಿದ್ದ. ಅವಳು ಅದನ್ನು ಪುಸ್ತಕಕ್ಕೆ ಇಳಿಸಿಕೊಂಡು, ಸಂದೇಹಗಳನ್ನು ಬರೆದು ಕಳಿಸುತ್ತಿದ್ದಳು. ಅವಳಿಗೆ ವಿವರಿಸಲು ಹೋಗಿ ಇವನಿಗೇ ಪಾಠ ಗಟ್ಟಿಯಾಯಿತು.

ಮಳೆಗಾಲದಲ್ಲಿ ಐಟಿಐ ತೆರೆಯಿತು. ಮೊಮ್ಮಗ ಎದೆಯುಬ್ಬಿಸಿಕೊಂಡು ಹೋದ. ಲೇತಿನ ಒಂದೊಂದು ಭಾಗದ ಹೆಸರೂ ಅವನಿಗೆ ಬಾಯಿಪಾಠ. ಸಂಜೆ ಮನೆಗೆ ಬಂದಾಗ ಮುಖ ಬಿಳುಚಿಕೊಂಡಿತ್ತು.

ನಡೆದದ್ದು ಇಷ್ಟು. ಸರಳನ್ನು ಬಿಗಿಯಾಗಿ ಹಿಡಿಯುವ ಭಾಗಕ್ಕೆ ಚಕ್ ಎನ್ನುತ್ತಾರೆ. ಅದನ್ನು ಬಿಗಿ ಮಾಡಲು ಟಿ ಆಕಾರದ ಒಂದು ಕೀಲಿ ಇರುತ್ತದೆ, ಚಕ್ ಕೀ. ಬಿಗಿ ಮಾಡಿದ ಕೂಡಲೇ ಅದನ್ನು ತೆಗೆದಿಡಬೇಕು. ಇವನು ತೆಗೆಯದೆಯೇ ಸ್ವಿಚ್ಚಿಗೆ ಕೈ ಹಾಕಿದ್ದಾನೆ. ಮೇಷ್ಟ್ರು ಓಡಿಬಂದು ಕೈ ಹಿಡಿದಿದ್ದಾರೆ. ಯಂತ್ರ ತಿರುಗಿದ್ದರೆ ಆ ಕೀಲಿ ಕಲ್ಲಿನಂತೆ ಹಾರಿ ಯಾರ ಹಣೆಗಾದರೂ ಬಡಿಯುತ್ತಿತ್ತು.

"ನನಗೆ ಗೊತ್ತಿತ್ತು ತಾತ, ಪಾಠದಲ್ಲಿ ಹೇಳಿದ್ರು. ಆದರೆ ಕೈಗೆ ಗೊತ್ತಿರಲಿಲ್ಲ" ಎಂದ.

ಆ ಮಾತು ಕೇಳಿ ನನಗೆ 1974 ನೆನಪಾಯಿತು. ಬಿಕಾಂ ಮುಗಿಸಿ ಬ್ಯಾಂಕಿಗೆ ಸೇರಿದ್ದೆ. ಜಮೆ, ಖರ್ಚು, ಆಸ್ತಿ-ಹೊಣೆ ಎಲ್ಲವೂ ನಾಲಿಗೆಯ ತುದಿಯಲ್ಲಿ. ಮೊದಲ ಸಲ ಕ್ಯಾಷ್ ಕೌಂಟರಿನಲ್ಲಿ ಕೂತ ದಿನ ಸಂಜೆ ಲೆಕ್ಕ ಹಾಕಿದರೆ ನೂರು ರೂಪಾಯಿ ಕಡಿಮೆ! ಎರಡು ನೋಟು ಅಂಟಿಕೊಂಡದ್ದು ಬೆರಳಿಗೆ ತಿಳಿಯದೆ ಯಾರಿಗೋ ಹೆಚ್ಚು ಕೊಟ್ಟಿದ್ದೆ. ಆಗಿನ ಸಂಬಳದಲ್ಲಿ ನೂರು ರೂಪಾಯಿ ಸಣ್ಣ ಮೊತ್ತವಲ್ಲ, ಜೇಬಿನಿಂದ ಕಟ್ಟಿದೆ. ಮುಂದೆ ಬ್ಯಾಂಕಿನ ಪರೀಕ್ಷೆಗೆ ಅಂಚೆಯಲ್ಲಿ ಪಾಠ ತರಿಸಿಕೊಂಡು ಓದಿ ಪಾಸಾದೆ. ಕಾನೂನನ್ನು ಅಂಚೆ ಕಲಿಸಿತು. ನೋಟು ಎಣಿಸಲು ಕಲಿಸಿದ್ದು ಪಕ್ಕದ ಕುರ್ಚಿಯ ಹಿರಿಯ ಕ್ಯಾಷಿಯರ್.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ಅಳತೆ, ನಕ್ಷೆ, ಲೆಕ್ಕ, ಆಜ್ಞೆಗಳ ಭಾಷೆ ಇವನ್ನೆಲ್ಲಾ ಮನೆಯಲ್ಲೇ ಕಲಿಯಬಹುದು. ಟೂಲ್ ಮೊಂಡಾದಾಗ ಬದಲಾಗುವ ಸದ್ದು, ಅರ ಉಜ್ಜುವಾಗಿನ ಹದ, ಕೀಲಿ ತೆಗೆಯುವ ಅಭ್ಯಾಸ ಇವು ಯಂತ್ರದ ಮುಂದೆ ನಿಂತೇ ಬರಬೇಕು. ಒಳ್ಳೆಯ ದೂರಶಿಕ್ಷಣ ಎರಡಕ್ಕೂ ಜಾಗ ಕೊಡುತ್ತದೆ.

ಅಜ್ಜ-ಅಜ್ಜಿಯರೇ, ಮನೆಯ ಮಕ್ಕಳು ಇಂಥ ದಾರಿ ಹಿಡಿಯುತ್ತೇನೆಂದರೆ ಬೇಡ ಎನ್ನಬೇಡಿ, ಆದರೆ ವಿಚಾರಿಸಿ. ದುಡ್ಡು ಕಟ್ಟದೆ ಕಲಿಯುವ ದಾರಿಗಳು ಈಗ ಇವೆ. ಕೇಂದ್ರ ಸರ್ಕಾರದ 'ಭಾರತ್ ಸ್ಕಿಲ್ಸ್' ತಾಣದಲ್ಲಿ ಐಟಿಐ ಪಾಠಗಳಿವೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಎಂಜಿನಿಯರಿಂಗ್ ಪಾಠಗಳನ್ನು ಉಚಿತವಾಗಿ ಕೇಳಬಹುದು. ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. 'ವರ್ಚುವಲ್ ಲ್ಯಾಬ್ಸ್' ಯೋಜನೆಯಲ್ಲಿ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಬಹುದು, ನಮ್ಮ ಸುರತ್ಕಲ್ಲಿನ ಎನ್‌ಐಟಿಕೆ ಕೂಡ ಅದರಲ್ಲಿ ಪಾಲುದಾರ.

ಆದರೆ ಮನೆಯಲ್ಲೇ ಕೂತು ಎಂಜಿನಿಯರ್ ಆಗಿ ಎಂಬ ಜಾಹೀರಾತು ಕಂಡರೆ ಎಚ್ಚರ. ಒಪ್ಪಿಗೆ ಪಡೆಯದೆ ಅಂಚೆ ಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಟ್ಟ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳ ವಿರುದ್ಧ ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿದೆ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಮಾನ್ಯತೆ ಯಾರದು? ಯಂತ್ರದ ಮುಂದೆ ಎಷ್ಟು ಗಂಟೆ? ಆ ಯಂತ್ರ ಎಲ್ಲಿದೆ, ಹೋಗಿ ನೋಡಬಹುದೇ? ಉತ್ತರ ತಡವರಿಸಿದರೆ ಚೆಕ್ಕಿಗೆ ಸಹಿ ಹಾಕಬೇಡಿ. ಇದು ಹಳೆಯ ಬ್ಯಾಂಕ್ ಗುಮಾಸ್ತನ ಮಾತು.

ನಮ್ಮ ಮೊಮ್ಮಗ ಈಗ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಯಂತ್ರ ನಡೆಸುತ್ತಾನೆ. ಆ ಹುಡುಗಿ ಇನ್ನೊಂದು ಕಾರ್ಖಾನೆಯಲ್ಲಿ ತಯಾರಾದ ಭಾಗಗಳ ಅಳತೆ ಪರೀಕ್ಷಿಸುತ್ತಾಳೆ. ಅವಳು ಸರಿ ಎಂದರೆ ಮಾತ್ರ ಮಾಲು ಗೇಟು ದಾಟುತ್ತದೆ.

ಕೊನೆಗೊಂದು ಆಟ ಹೇಳುತ್ತೇನೆ. ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಅಜ್ಜ ಅಥವಾ ಅಜ್ಜಿ ಯಂತ್ರವಾಗಲಿ. ಮಕ್ಕಳು ಆಜ್ಞೆ ಕೊಡಲಿ: ಬಲಕ್ಕೆ ಐದು ಮನೆ, ಮೇಲಕ್ಕೆ ಮೂರು, ಎತ್ತು, ಇಳಿಸು. ಯಂತ್ರ ಹೇಳಿದ್ದಷ್ಟನ್ನೇ ಮಾಡಬೇಕು, ಸ್ವಂತ ಬುದ್ಧಿ ಉಪಯೋಗಿಸಬಾರದು. ಹೀಗೆ ಒಂದು ಮನೆಯ ಚಿತ್ರ ಬರೆಸಿ ನೋಡಿ. ನಾನು ಯಂತ್ರವಾದ ದಿನ ಮೊಮ್ಮಗ "ನಿಲ್ಲು" ಎನ್ನಲು ಮರೆತ. ನನ್ನ ಪೆನ್ಸಿಲ್ ಹಾಳೆ ದಾಟಿ ಅವನ ಅಜ್ಜಿಯ ಬಿಳಿ ಮೇಜುಬಟ್ಟೆಯ ಮೇಲೂ ಗೆರೆ ಎಳೆಯಿತು. ಬೈಸಿಕೊಂಡದ್ದು ಮಾತ್ರ ಯಂತ್ರವೇ!