ಜಗಳೂರಲ್ಲಿ ಜಗಳ ಆಡದ ಮೀನುಗಳು

ನಮ್ಮ ಹಾಸ್ಟೆಲ್ ರೂಮಲ್ಲಿ ನಾಲ್ಕು ಜನ. ಒಬ್ಬ ಚನ್ನಗಿರಿ, ಒಬ್ಬ ಹೊನ್ನಾಳಿ, ಒಬ್ಬ ನ್ಯಾಮತಿ, ನಾನು ಜಗಳೂರು. ಯಾರ ಊರಿಗೂ ಸಮುದ್ರ ಹತ್ತಿರ ಇಲ್ಲ. ಆದ್ರೂ ಚನ್ನಗಿರಿಯವನು ಒಂದು ರಾತ್ರಿ ಮೊಬೈಲಲ್ಲಿ ರೀಫ್ ಟ್ಯಾಂಕ್ ವಿಡಿಯೋ ತೋರಿಸಿ, "ನಮ್ಮನೇಲಿ ಇದನ್ನ ಮಾಡ್ತೀನಿ ಕಣೋ, ಒಳ್ಳೆ ಕಲರ್ ಇರೋ, ಜಗಳ ಮಾಡದೇ ಇರೋ ಮೀನು ಯಾವುದು ಹೇಳು" ಅಂದ.

ನನ್ನನ್ನೇ ಕೇಳೋಕೆ ಕಾರಣ ಇದೆ. ಪಿಯುಸಿ ಮುಗಿದ ರಜೆಯಲ್ಲಿ ನಾನು ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೆ. ಅದು ನಡೆದದ್ದು ಮೂರೇ ತಿಂಗಳು. 60 ಲೀಟರ್ ಟ್ಯಾಂಕ್, ಎರಡು ಕ್ಲೌನ್‌ಫಿಶ್, ಅಂದ್ರೆ "ಫೈಂಡಿಂಗ್ ನೀಮೊ" ಸಿನಿಮಾದ ಕಿತ್ತಳೆ ಬಣ್ಣದ ಮೀನು. ಅವು ಆರಾಮಾಗಿದ್ವು. ಆಮೇಲೆ ಅಂಗಡಿಯಲ್ಲಿ ಬೆರಳುಗುರಿನಷ್ಟು ಚಿಕ್ಕ ಕಪ್ಪು ಮೀನು ಕಂಡಿತು, ಮೈಮೇಲೆ ಮೂರು ಬಿಳಿ ಚುಕ್ಕೆ. ಡಾಮಿನೊ ಡ್ಯಾಮ್ಸೆಲ್. ರೇಟು ಕಡಿಮೆ, "ತುಂಬಾ ಪೀಸ್‌ಫುಲ್" ಅಂದ್ರು. ತಂದೆ. ಎರಡು ವಾರದಲ್ಲಿ ಅದು ಇಡೀ ಟ್ಯಾಂಕನ್ನ ತನ್ನ ಹೆಸರಿಗೆ ಬರೆಸಿಕೊಂಡಿತ್ತು. ಕ್ಲೌನ್‌ಗಳು ಹೀಟರ್ ಹಿಂದಿನ ಮೂಲೆಗೆ ಸೇರಿಕೊಂಡವು, ರೆಕ್ಕೆ ಹರಿದಿದ್ದವು. ಊಟಕ್ಕೆ ಹೊರಗೆ ಬರೋಕೂ ಬಿಡ್ತಿರಲಿಲ್ಲ. ಚಿಕ್ಕದು ಮೊದಲು ಸತ್ತಿತು, ನಾಲ್ಕು ದಿನಕ್ಕೆ ಇನ್ನೊಂದು. ದುಡ್ಡು ಅಪ್ಪಂದು. ಅವರು ಏನೂ ಬೈಲಿಲ್ಲ, ಅದೇ ಕಷ್ಟ ಆಯ್ತು.

ಆಮೇಲೆ ಓದಿ ಗೊತ್ತಾದದ್ದು: ಹವಳದ ದಿಬ್ಬದ ಮೀನುಗಳಲ್ಲಿ ಬಣ್ಣಕ್ಕೂ ಜಗಳಕ್ಕೂ ಸಂಬಂಧ ಇರಬಹುದು ಅಂತ ಮೊದಲೇ ಯೋಚಿಸಿದವರಿದ್ದಾರೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿ 1973ರಲ್ಲಿ ನೊಬೆಲ್ ಪಡೆದ ಕೊನ್ರಾಡ್ ಲೊರೆಂಜ್ ಇವನ್ನ ನೋಡಿ, ಈ ಗಾಢ ಬಣ್ಣ ಒಂದು ಪೋಸ್ಟರ್ ಇದ್ದಂಗೆ, "ಈ ಜಾಗ ನಂದು" ಅಂತ ತನ್ನ ಜಾತಿಯವರಿಗೇ ಹಾಕಿದ ಬೋರ್ಡ್ ಅಂದಿದ್ದರು. ಎಲ್ಲಾ ಮೀನಿಗೂ ಇದು ಸರಿಹೋಗಲ್ಲ. ಆದ್ರೂ ಟ್ಯಾಂಕ್ ಇಡೋರಿಗೆ ಉಪಯೋಗದ ಮಾತು: ಒಂದೇ ಬಣ್ಣ, ಒಂದೇ ಆಕಾರದ ಎರಡು ಮೀನು ಚಿಕ್ಕ ಟ್ಯಾಂಕಲ್ಲಿದ್ರೆ ಹೊಡೆದಾಟ ಗ್ಯಾರಂಟಿ. ಸಮುದ್ರದಲ್ಲಿ ಸೋತ ಮೀನು ಓಡಿಹೋಗುತ್ತೆ. ಗಾಜಿನ ಡಬ್ಬದಲ್ಲಿ ಎಲ್ಲಿಗೆ ಹೋಗಬೇಕು? ಹಾಗಾಗಿ "ಪೀಸ್‌ಫುಲ್" ಅನ್ನೋದು ಮೀನಿನ ಒಂದು ಗುಣ ಅಷ್ಟೇ ಅಲ್ಲ. ಯಾರ ಜೊತೆ, ಎಷ್ಟು ಜಾಗ, ಯಾರು ಮೊದಲು ಬಂದರು ಅನ್ನೋದೆಲ್ಲಾ ಸೇರಿ ಅದು ತೀರ್ಮಾನ ಆಗುತ್ತೆ. ನಮ್ಮ ರೂಮಲ್ಲಿ ಫ್ಯಾನ್ ಕೆಳಗಿನ ಕಾಟ್ ಯಾರದು ಅನ್ನೋ ಗಲಾಟೆ ನೆನಪಿಸಿಕೊಳ್ಳಿ.

ಈಗ ಅವನ ಪ್ರಶ್ನೆಗೆ ಬರ್ತೀನಿ. 120 ಲೀಟರ್ ಟ್ಯಾಂಕಿಗೆ ನಾನಾದ್ರೆ ಐದೇ ಮೀನು ಹಾಕ್ತೀನಿ.

ಮೊದಲು ಬರಬೇಕಾದದ್ದು ಅತೀ ನಾಚಿಕೆಯದು, ಫೈರ್‌ಫಿಶ್. ಮುಂದಿನ ಅರ್ಧ ಬಿಳಿ, ಬಾಲದ ಕಡೆ ಹೋದಂಗೆ ಕೆಂಪು, ಬೆನ್ನ ಮೇಲೆ ಆಂಟೆನಾ ಥರ ಒಂದು ಉದ್ದ ರೆಕ್ಕೆ. ಇದು ಯಾರ ತಂಟೆಗೂ ಹೋಗಲ್ಲ, ಹೆದರಿದ್ರೆ ನೀರಿಂದ ಹಾರಿಬಿಡುತ್ತೆ. ಮುಚ್ಚಳ ಇಲ್ಲದ ಟ್ಯಾಂಕಿಗೆ ತರಲೇಬೇಡಿ, ಬೆಳಗ್ಗೆ ನೆಲದ ಮೇಲೆ ಒಣಗಿರುತ್ತೆ. ಇದರ ಜೊತೆಗೇ ಹಳದಿ ವಾಚ್‌ಮನ್ ಗೋಬಿ. ಮರಳ ಮೇಲೆ ಕೂತಿರುತ್ತೆ. ಇದರ ಜೊತೆ ಪಿಸ್ತೂಲ್ ಸಿಗಡಿ ಇದ್ರೆ ಇಬ್ಬರೂ ಒಂದೇ ಬಿಲದಲ್ಲಿ ಸಂಸಾರ ಮಾಡ್ತಾರೆ. ಸಿಗಡಿಗೆ ಕಣ್ಣು ಮಂದ, ಅದು ಬಿಲ ತೋಡುತ್ತೆ, ಮೀನು ಬಾಗಿಲಲ್ಲಿ ಕಾವಲು. ಸಿಗಡಿ ತನ್ನ ಮೀಸೆಯನ್ನ ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತೆ. ಅಪಾಯ ಬಂದ್ರೆ ಮೀನು ಬಾಲ ಅಲ್ಲಾಡಿಸುತ್ತೆ, ಇಬ್ಬರೂ ಒಳಗೆ. ಇಸಿ ಬ್ರಾಂಚಿನವರು ಇದನ್ನ ಇಂಟರಪ್ಟ್ ಅಂತ ಓದಿಕೊಳ್ಳಬಹುದು.

ಎರಡು ವಾರ ಬಿಟ್ಟು ರಾಯಲ್ ಗ್ರಾಮ. ಕೆರಿಬಿಯನ್ ಕಡೆಯದು, ಮುಂದೆ ನೇರಳೆ, ಹಿಂದೆ ಹಳದಿ. ಒಂದೇ ಒಂದು ಸಾಕು, ಅಡಗೋಕೆ ಒಂದು ಗುಹೆ ಕೊಟ್ರೆ ಸುಮ್ಮನಿರುತ್ತೆ. ಇಲ್ಲಿ ಒಂದು ಮೋಸ ಇದೆ. ಇದೇ ಎರಡು ಬಣ್ಣದ ರಾಯಲ್ ಡಾಟಿಬ್ಯಾಕ್ ಅಂತ ಇನ್ನೊಂದು ಮೀನಿದೆ, ಅದು ಪಕ್ಕಾ ರೌಡಿ. ಗುರುತು ಹಿಡಿಯೋದು ಹೀಗೆ: ಗ್ರಾಮದಲ್ಲಿ ನೇರಳೆ ಚುಕ್ಕೆ ಚುಕ್ಕೆಯಾಗಿ ನಿಧಾನಕ್ಕೆ ಹಳದಿಗೆ ಬೆರೆಯುತ್ತೆ. ಡಾಟಿಬ್ಯಾಕಲ್ಲಿ ಸ್ಕೇಲ್ ಇಟ್ಟು ಗೆರೆ ಹೊಡೆದಂಗೆ ಬಣ್ಣ ಕಟ್ ಆಗುತ್ತೆ.

ಕೊನೆಗೆ ಕ್ಲೌನ್‌ಫಿಶ್ ಜೋಡಿ. ಯಾಕೆ ಕೊನೆಗೆ ಅಂದ್ರೆ ಇದೂ ಡ್ಯಾಮ್ಸೆಲ್ ಕುಟುಂಬದ್ದೇ, ಮೊದಲು ಬಂದ್ರೆ ಇದೂ ಜಾಗ ಹಿಡಿಯುತ್ತೆ. ಹುಟ್ಟುವಾಗ ಎಲ್ಲವೂ ಗಂಡು, ಗುಂಪಲ್ಲಿ ದೊಡ್ಡದು ಹೆಣ್ಣಾಗುತ್ತೆ. ಅದಕ್ಕೇ ಒಂದು ದೊಡ್ಡದು, ಒಂದು ಚಿಕ್ಕದು ತಂದ್ರೆ ಅವೇ ಹೊಂದಿಕೊಳ್ತಾವೆ. ಸಮುದ್ರದಲ್ಲಿ ಹಿಡಿದದ್ದು ಬೇಡ, ಸಾಕಿ ಮರಿ ಮಾಡಿಸಿದ್ದನ್ನೇ ಕೇಳಿ. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇದರ ಮರಿ ಮಾಡಿಸೋ ವಿಧಾನ ಸಿದ್ಧಪಡಿಸಿದ್ದಾರೆ. ಆ ಸಂಸ್ಥೆಯ ಕೇಂದ್ರಗಳು ನಮ್ಮ ಮಂಗಳೂರು, ಕಾರವಾರದಲ್ಲೂ ಇವೆ. ಟ್ಯಾಂಕಲ್ಲೇ ಹುಟ್ಟಿದ ಮೀನಿಗೆ ಕಾಳು ಆಹಾರ ತಿನ್ನೋ ಅಭ್ಯಾಸ ಇರುತ್ತೆ, ನಮಗೆ ಅದೇ ಮುಖ್ಯ.

ಶಾಂತವಾಗಿದ್ದೂ ತರಬಾರದ ಮೀನೂ ಇದೆ. ಮ್ಯಾಂಡರಿನ್ ನೋಡಿದ್ರೆ ಯಾರಿಗಾದ್ರೂ ಬೇಕು ಅನ್ಸುತ್ತೆ, ನೀಲಿ ಮೈಮೇಲೆ ಕಿತ್ತಳೆ ಬಣ್ಣದ ರಂಗೋಲಿ. ಆದ್ರೆ ಅದು ದಿನವಿಡೀ ಕಲ್ಲುಗಳ ಮೇಲಿನ ಸೂಕ್ಷ್ಮ ಜೀವಿಗಳನ್ನ ಹೆಕ್ಕಿ ತಿನ್ನೋದು. ಹೊಸ, ಚಿಕ್ಕ ಟ್ಯಾಂಕಲ್ಲಿ ಅವು ಬೇಗ ಖಾಲಿಯಾಗ್ತವೆ, ಮೀನು ಸದ್ದಿಲ್ಲದೆ ಹಸಿವಿಂದ ಸಾಯುತ್ತೆ. "ಡೋರಿ" ಅಂತ ಎಲ್ಲರಿಗೂ ಗೊತ್ತಿರೋ ಬ್ಲೂ ಟ್ಯಾಂಗ್ ಸುಮಾರು 30 ಸೆಂ.ಮೀ. ಬೆಳೆಯುತ್ತೆ. ಅದಕ್ಕೆ 120 ಲೀಟರ್ ಅಂದ್ರೆ ಲಿಫ್ಟ್‌ನಲ್ಲಿ ಸಂಸಾರ ಮಾಡಿದಂಗೆ.

ಇನ್ನು ಹವಳ. ವಿಡಿಯೋದಲ್ಲಿ ಕಾಣೋ ಗಟ್ಟಿ ಹವಳಗಳು ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿವೆ, 2001ರಿಂದ. ಕಡಲ್ಗುದುರೆಯೂ ಅಷ್ಟೇ. ಹುಲಿ ಇರೋ ಪಟ್ಟಿ ಅದು. ಅಂಗಡಿಯಲ್ಲಿ ಯಾರಾದ್ರೂ ಮೆಲ್ಲಗೆ "ಬೇಕಾ" ಅಂದ್ರೂ ಬೇಡ. ಸೆರಾಮಿಕ್ ಕಲ್ಲು ಜೋಡಿಸಿ ಗುಹೆ ಮಾಡಿ, ಮೀನಿಗೆ ವ್ಯತ್ಯಾಸ ಗೊತ್ತಾಗಲ್ಲ. ನಿಜವಾದ ಹವಳ ನೋಡಬೇಕಂದ್ರೆ ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪ ಇದೆ, ಸ್ಕೂಬಾಗೆ ದುಡ್ಡು ಕೂಡಿಸಿ.

ನೀರಿನ ವಿಷಯದಲ್ಲಿ ನಾಲ್ಕು ಊರಿನ ಕಥೆ ಒಂದೇ ಅಲ್ಲ. ಹೊನ್ನಾಳಿಯವನಿಗೆ ಮನೆ ಪಕ್ಕ ತುಂಗಭದ್ರೆ, ನ್ಯಾಮತಿಯವನೂ ಅದೇ ಸೀಮೆ. ಚನ್ನಗಿರಿಯವನು ಸೂಳೆಕೆರೆ ಹೆಸರು ಹೇಳಿ ಜಂಭ ಪಡ್ತಾನೆ. ಜಗಳೂರಲ್ಲಿ ನಮಗೆ ಬೋರ್‌ವೆಲ್, ಫ್ಲೋರೈಡ್. ತುಂಗಭದ್ರೆಯಿಂದ ನಮ್ಮ 57 ಕೆರೆ ತುಂಬಿಸೋ ಯೋಜನೆ ಯಾಕೆ ಬೇಕಾಯ್ತು ಅಂತ ನಮ್ಮ ಪಾತ್ರೆ ತಳ ನೋಡಿದ್ರೆ ಗೊತ್ತಾಗುತ್ತೆ. ಟ್ಯಾಂಕಿನ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು ಹಾಕ್ತೀವಿ (ಅಡುಗೆ ಉಪ್ಪಲ್ಲ, ಅಕ್ವೇರಿಯಂಗೇ ಬರೋ ಮಿಶ್ರಣ). ಆವಿಯಾಗೋದು ನೀರು ಮಾತ್ರ, ಉಪ್ಪು ಉಳಿಯುತ್ತೆ. ಆ ಜಾಗಕ್ಕೆ ದಿನಾ 2 ಲೀಟರ್ ಬೋರ್ ನೀರು ಹಾಕ್ತೀರಿ, ಅದರ ಟಿಡಿಎಸ್ 1000 ಅಂದುಕೊಳ್ಳಿ. ದಿನಕ್ಕೆ 2 ಗ್ರಾಂ, ಎರಡು ತಿಂಗಳಿಗೆ 120 ಗ್ರಾಂ ಬೇಡದ ಲವಣ. ಹೊರಗೆ ಹೋಗೋ ದಾರಿ ಇಲ್ಲ, ಬರೀ ಇಂಟಿಗ್ರೇಟರ್. ಆರ್‌ಒ ನೀರೇ ಬೇಕು.

ಆದ್ರೆ ಒಂದು ವಿಷಯದಲ್ಲಿ ಜಗಳೂರು ಮಂಗಳೂರಿಗಿಂತ ಮೇಲು! ಈ ಮೀನುಗಳಿಗೆ 25–26 ಡಿಗ್ರಿ ಬೇಕು, ನಮ್ಮ ಏಪ್ರಿಲ್ ಎಂಥದ್ದು ಗೊತ್ತಲ್ಲ. 100 ಲೀಟರ್ ನೀರಿಂದ 1 ಲೀಟರ್ ಆವಿಯಾದ್ರೆ ಥರ್ಮೋಡೈನಾಮಿಕ್ಸ್ ಲೆಕ್ಕದಲ್ಲಿ ಸುಮಾರು 6 ಡಿಗ್ರಿ ಇಳೀಬೇಕು. ಸುತ್ತಲಿನ ಬಿಸಿ ವಾಪಸ್ ಸೇರೋದ್ರಿಂದ ಅಷ್ಟು ಸಿಗಲ್ಲ, ಆದ್ರೆ ಒಣ ಗಾಳಿಯಲ್ಲಿ ಒಂದು ಚಿಕ್ಕ ಫ್ಯಾನ್ ಚೆನ್ನಾಗೇ ಕೆಲಸ ಮಾಡುತ್ತೆ. ಕರಾವಳಿಯ ತೇವದಲ್ಲಿ ಆಗಲ್ಲ. ಫ್ಯಾನಿಗೆ ಕರೆಂಟ್ ಬೇಕಲ್ಲ ಅಂತೀರಾ, ಅದೇ ಪ್ರಾಬ್ಲಂ. ಉಪ್ಪುನೀರಲ್ಲಿ ಸಿಹಿನೀರಿಗಿಂತ ಆಮ್ಲಜನಕ ಐದನೇ ಒಂದು ಭಾಗದಷ್ಟು ಕಡಿಮೆ ಕರಗುತ್ತೆ, ಬಿಸಿಯಾದ್ರೆ ಇನ್ನೂ ಕಡಿಮೆ. ಬ್ಯಾಟರಿ ಏರ್ ಪಂಪ್ ಮೊದಲು ಕೊಳ್ಳಿ, ಮೀನು ಆಮೇಲೆ.

ಚನ್ನಗಿರಿಯವನು ಟ್ಯಾಂಕ್ ಇಟ್ಟು ಮೂರು ವಾರ ಆಯ್ತು. ಮೀನಿಲ್ಲ. ಅಮೋನಿಯಾವನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ವೀಕೆಂಡ್ ಊರಿಗೆ ಹೋದಾಗ ಟೆಸ್ಟ್ ಕಿಟ್‌ನ ಫೋಟೋ ಗ್ರೂಪಿಗೆ ಹಾಕ್ತಾನೆ. ಕಳೆದ ಭಾನುವಾರವೂ ಬಣ್ಣ ಹಸಿರೇ ಇತ್ತು, ಅಂದ್ರೆ ಅಮೋನಿಯಾ ಇನ್ನೂ ಇದೆ. "ಬರೀ ನೀರಿಗೆ ಯಾಕೋ ಇಷ್ಟು ಲೈಟು" ಅಂತ ಅವರಮ್ಮ ಕೇಳಿದ್ರಂತೆ.