ಉಡುಪಿನ ಅಂಕಿ ಮತ್ತು ಮೈಯ ಅಳತೆ

ಸಿದ್ಧ ಉಡುಪಿನ ಕೊರಳಿನ ಒಳಬದಿಗೆ ಹೊಲಿದಿರುವ ಚಿಕ್ಕ ಚೀಟಿಯ ಅಂಕಿಯನ್ನು ಎಲ್ಲರೂ ಅಳತೆಯೆಂದೇ ಭಾವಿಸುತ್ತಾರೆ. ಐರೋಲಿಯ ಅಂಗಡಿಬೀದಿಯಲ್ಲಿ ಕುರ್ತಾ ಕೊಳ್ಳಹೋದ ಹೆಂಗಸಿಗೆ ಈ ಭಾವನೆ ಎಷ್ಟು ಹುಸಿಯೆಂಬುದು ಅರ್ಧ ಗಂಟೆಯೊಳಗೆ ಮನವರಿಕೆಯಾಗುತ್ತದೆ. ಒಂದು ಅಂಗಡಿಯಲ್ಲಿ ‘೩೮’ ಸರಿಹೊಂದುತ್ತದೆ; ಮಗ್ಗುಲ ಅಂಗಡಿಯ ‘೩೮’ ಕಂಕುಳಲ್ಲಿ ಹಿಡಿಯುತ್ತದೆ; ಮೂರನೆಯದರಲ್ಲಿ ಅಂಕಿಯೇ ಇಲ್ಲದೆ ‘ಎಂ’, ‘ಎಲ್’ ಎಂಬ ಅಕ್ಷರಗಳಿರುತ್ತವೆ. ಗಂಡಸರ ಅಂಗಿಯ ಮೇಲಿನ ಅಂಕಿ ಬಹುಮಟ್ಟಿಗೆ ಕೊರಳಪಟ್ಟಿಯ ಸುತ್ತಳತೆಯನ್ನೂ, ಷರಾಯಿಯ ಅಂಕಿ ನಡುವಿನ ಸುತ್ತಳತೆಯನ್ನೂ ಸೂಚಿಸುತ್ತವೆ. ಹೆಂಗಸರ ಉಡುಪಿನ ಅಂಕಿ ಏನನ್ನು ಸೂಚಿಸುತ್ತದೆಂಬುದನ್ನು ಮಾರುವವನೂ ಹೇಳಲಾರ. ಈ ಗೊಂದಲ ಹೇಗೆ ಹುಟ್ಟಿತು, ಅದಕ್ಕೆ ಪರಿಹಾರವುಂಟೇ ಎಂಬುದು ವಿಚಾರಕ್ಕೆ ತಕ್ಕ ವಿಷಯ.

ಅಳತೆಯೆಂದರೆ ಏನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಭೂದಾನವನ್ನು ಹೇಳುವ ಕನ್ನಡ ಶಾಸನಗಳು ‘ಇಷ್ಟು ಮತ್ತರು’ ಎಂದು ಹೇಳಿ ಸುಮ್ಮನಾಗುವುದಿಲ್ಲ. ಆ ಭೂಮಿಯನ್ನು ಯಾವ ಗಳೆಯಿಂದ ಅಳೆದರೆಂಬುದನ್ನೂ ಅನೇಕ ವೇಳೆ ಹೇಳುತ್ತವೆ. ಬಳ್ಳಿಗಾವೆಯ ಶಾಸನಗಳಲ್ಲಿ ಬರುವ ‘ಭೇರುಂಡ ಗಳೆ’ ಇಂಥದೊಂದು ಅಳತೆಗೋಲು. ಸೀಮೆಯಿಂದ ಸೀಮೆಗೆ ಗಳೆ ಬೇರೆಯಾಗುತ್ತಿದ್ದುದರಿಂದ ಅದರ ಹೆಸರನ್ನು ಹೇಳದಿದ್ದರೆ ಮತ್ತರಿನ ಲೆಕ್ಕಕ್ಕೆ ಅರ್ಥವಿರುತ್ತಿರಲಿಲ್ಲ. ಇದರಿಂದ ಅಳತೆಯ ಎರಡು ಲಕ್ಷಣಗಳು ಹೊರಪಡುತ್ತವೆ: ಅದರ ಮೂಲಮಾನ ಎಲ್ಲರಿಗೂ ತಿಳಿದಿರಬೇಕು, ಯಾರು ಬೇಕಾದರೂ ಮತ್ತೆ ಅಳೆದು ತಾಳೆ ನೋಡುವಂತಿರಬೇಕು. ಸೇರು, ಪಾವು, ಬಳ್ಳ, ಕೊಳಗಗಳು ಊರೂರಿಗೆ ಬದಲಾಗುತ್ತಿದ್ದ ಕಾಲಕ್ಕೆ ೧೯೫೬ರ ತೂಕ ಮತ್ತು ಅಳತೆಗಳ ಶಾಸನ ಕೊನೆಹಾಡಿದುದೂ ಇದೇ ತತ್ತ್ವದ ಮೇಲೆ. ಹೆಂಗಸರ ಉಡುಪಿನ ಅಂಕಿಗೆ ಈ ಎರಡು ಲಕ್ಷಣಗಳಲ್ಲಿ ಒಂದೂ ಇಲ್ಲ. ಅದು ಗಳೆಯ ಹೆಸರಿಲ್ಲದ ಮತ್ತರು.

ಕನ್ನಡ ಹೆಂಗಸಿಗೆ ಈ ತೊಡಕು ಹೊಸದು. ಅವಳ ಮುಖ್ಯ ಉಡುಪಾದ ಸೀರೆಗೆ ಉದ್ದವುಂಟು, ಅಗಲವುಂಟು. ಮೈಯನ್ನು ಅನುಸರಿಸಿದ ‘ಸೈಜು’ ಇಲ್ಲ. ಹದಿನಾರು ಮೊಳದ ಸೀರೆ, ಹದಿನೆಂಟು ಮೊಳದ ಸೀರೆ ಎಂಬ ಭೇದ ಉಡುವ ರೀತಿಯನ್ನು ಅನುಸರಿಸಿತೇ ಹೊರತು ಉಡುವವಳ ಗಾತ್ರವನ್ನಲ್ಲ. ತಾಯಿಯ ಇಳಕಲ್ ಸೀರೆಯನ್ನು ಮಗಳು ಉಡಬಹುದು. ಬಾಣಂತನದ ಮೊದಲೂ ಅನಂತರವೂ ಅದೇ ಸೀರೆ ಒದಗುತ್ತದೆ. ನೆರಿಗೆಯೇ ಅದರ ಹೊಂದಾಣಿಕೆ. ಅಳತೆ ಬೇಕಾದುದು ಕುಪ್ಪಸಕ್ಕೆ ಮಾತ್ರ. ಗುಳೇದಗುಡ್ಡದ ಖಣ ಒಂದು ಕುಪ್ಪಸಕ್ಕೆ ಸಾಕಾಗುವ ತುಂಡಾಗಿ ಮನೆಗೆ ಬರುತ್ತಿತ್ತು. ಅದನ್ನು ಮೈಗೆ ಹೊಂದಿಸುವ ಹೊಣೆ ಸಿಂಪಿಗನದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರು ಉಳಿದಿರುವುದು ಈ ಕಸುಬಿಗೆ ನಾಡಿನಲ್ಲಿದ್ದ ಗೌರವಕ್ಕೆ ಸಾಕ್ಷಿ. ಸಿಂಪಿಗನ ಬಳಿಗೆ ‘ಅಳತೆ ಕುಪ್ಪಸ’ವನ್ನು ಒಯ್ಯುವ ವಾಡಿಕೆ ಇಂದಿಗೂ ಮರೆಯಾಗಿಲ್ಲ. ಚೆನ್ನಾಗಿ ಕೂತ ಹಳೆಯ ಕುಪ್ಪಸವೇ ಅಲ್ಲಿ ಪ್ರಮಾಣ. ಅದು ಒಬ್ಬಳದೇ ಗಳೆಯಾದರೂ ಕಣ್ಣಿಗೆ ಕಾಣುವ, ಕೈಗೆ ಸಿಗುವ ಗಳೆ. ಇದಲ್ಲದೆ ಬಲ್ಲ ದರ್ಜಿ ಮಗ್ಗುಲ ಹೊಲಿಗೆಯ ಒಳಗೆ ಒಂದೆರಡು ಬೆರಳು ಬಟ್ಟೆಯನ್ನು ಬಿಟ್ಟಿರುತ್ತಾನೆ. ಮೈ ತುಂಬಿದಾಗ ಹೊಲಿಗೆ ಬಿಚ್ಚಿದರೆ ಕುಪ್ಪಸವೂ ತುಂಬಿಕೊಳ್ಳುತ್ತದೆ.

ಠಾಣೆಯ ಖಾಡಿಯ ಪೂರ್ವ ದಂಡೆಯಲ್ಲಿರುವ ಐರೋಲಿಯಲ್ಲಿ ಈ ಏರ್ಪಾಡು ಸಡಿಲವಾದುದು ಒಂದು ತಲೆಮಾರಿನೊಳಗೆ. ೧೯೯೯ರಲ್ಲಿ ಮುಲುಂಡಿಗೆ ಸೇತುವೆಯಾಯಿತು. ೨೦೦೪ರಲ್ಲಿ ಠಾಣೆ–ವಾಶಿ ರೈಲು ಬಂದಿತು. ತರುವಾಯ ಮಾಹಿತಿ ತಂತ್ರಜ್ಞಾನದ ಕಚೇರಿಗಳು ಎದ್ದವು. ಲೋಕಲ್ ಗಾಡಿಯ ನೂಕುನುಗ್ಗಲಿಗೂ ಕಚೇರಿಯ ಹೊತ್ತಿಗೂ ಕುರ್ತಾ, ಸಲ್ವಾರ್ ಕಮೀಜುಗಳು ಅನುಕೂಲವೆಂದು ತೋರಿದುದು ಸಹಜ. ದರ್ಜಿಯ ಬಳಿಗೆ ಎರಡು ಮೂರು ಸಲ ಹೋಗಿಬರಲು ಬಿಡುವಿಲ್ಲದವರಿಗೆ ಸಿದ್ಧ ಉಡುಪೇ ಗತಿ. ಇಂದು ಅಂಗಡಿಗೂ ಹೋಗದೆ ಮೊಬೈಲಿನಲ್ಲಿ ತರಿಸುವ ರೂಢಿ ಬಂದಿದೆ. ಒಂದೇ ಕುರ್ತಾವನ್ನು ಎರಡು ಸೈಜಿನಲ್ಲಿ ತರಿಸಿ ಹೊಂದದುದನ್ನು ಹಿಂದಕ್ಕೆ ಕಳುಹಿಸುವುದು ಮನೆಮನೆಯ ಮಾತಾಗಿದೆ. ಅಳತೆಯನ್ನು ಹೇಳಬೇಕಾದ ಅಂಕಿ ಅದನ್ನು ಹೇಳುತ್ತಿಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಈ ಅಂಕಿ ಹುಟ್ಟುವ ಬಗೆ ಹೀಗೆ. ಉಡುಪು ತಯಾರಿಸುವ ಸಂಸ್ಥೆ ತನ್ನ ಗಿರಾಕಿ ಇಂಥವಳಿರಬಹುದೆಂದು ಊಹಿಸಿ ಒಂದು ಮೈಯನ್ನು ಆರಿಸಿಕೊಳ್ಳುತ್ತದೆ. ಆ ಮೈಗೆ ಹೊಂದುವ ಮಾದರಿಯನ್ನು ಕಾಗದದಲ್ಲೋ ಗಣಕಯಂತ್ರದಲ್ಲೋ ಸಿದ್ಧಪಡಿಸುತ್ತದೆ. ಉಳಿದ ಸೈಜುಗಳಿಗಾಗಿ ಬೇರೆ ಬೇರೆ ಮೈಗಳನ್ನು ಅಳೆಯುವುದಿಲ್ಲ. ಮೊದಲಿನ ಮಾದರಿಯನ್ನೇ ಗೊತ್ತಾದ ಅಂತರದಲ್ಲಿ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಎದೆಯ ಸುತ್ತಿಗೆ ಎರಡು ಇಂಚು ಕೂಡಿಸಿದಾಗ ನಡುವಿಗೂ ಸೊಂಟಕ್ಕೂ ಅಷ್ಟೇ ಕೂಡಿಸುವುದು, ಹೆಗಲಿಗೆ ಸ್ವಲ್ಪ ಕೂಡಿಸುವುದು ರೂಢಿಯ ಕ್ರಮ. ಆದರೆ ಮನುಷ್ಯದೇಹ ಈ ಲೆಕ್ಕದಂತೆ ಬೆಳೆಯುವುದಿಲ್ಲ. ನಡು ತುಂಬಿದ ಹೆಂಗಸಿನ ಹೆಗಲು ಅಗಲವಾಗಿರಬೇಕೆಂದಿಲ್ಲ. ಮೊದಲಿನ ಮೈಯಿಂದ ದೂರ ಸರಿದಷ್ಟೂ ಊಹೆ ತಪ್ಪುತ್ತ ಹೋಗುತ್ತದೆ. ದೊಡ್ಡ ಸೈಜಿನ ಕುರ್ತಾ ಸೊಂಟಕ್ಕೆ ಸರಿಯಾದರೂ ಹೆಗಲಿನಿಂದ ಜಾರುವುದು, ತೋಳು ಬೆರಳಿನವರೆಗೆ ಬರುವುದು ಇದರಿಂದಲೇ.

ಎರಡನೆಯ ಕಾರಣ ‘ಲೂಸು’. ಉಸಿರಾಡಲು, ತೋಳೆತ್ತಲು, ಕೂರಲು ಉಡುಪು ಮೈಗಿಂತ ಕೆಲವು ಇಂಚು ದೊಡ್ಡದಿರಬೇಕು. ಎದೆಯ ಸುತ್ತು ೩೬ ಇಂಚು ಇರುವ ಹೆಂಗಸೊಬ್ಬಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಚೀಟಿಯಲ್ಲಿ ಮೈಯ ಅಳತೆಯನ್ನೇ ಬರೆಯುವ ಸಂಸ್ಥೆಯ ‘೩೬’ ಅವಳಿಗೆ ಸರಿ. ಬಟ್ಟೆಯ ಅಳತೆಯನ್ನು ಬರೆಯುವ ಸಂಸ್ಥೆಯಲ್ಲಿ, ನಾಲ್ಕು ಇಂಚು ಲೂಸು ಸೇರಿ, ಅವಳಿಗೆ ‘೪೦’ ಬೇಕು. ಎರಡು ಉಡುಪುಗಳೂ ಒಂದೇ ಗಾತ್ರದವು. ಎರಡು ಚೀಟಿಗಳೂ ತಮ್ಮ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತವೆ. ಆದರೂ ಒಂದು ಚೀಟಿಯಿಂದ ಇನ್ನೊಂದನ್ನು ತಿಳಿಯುವ ಮಾರ್ಗವಿಲ್ಲ. ಇದರ ಮೇಲೆ ಕಾರ್ಖಾನೆಯ ಹೆಚ್ಚುಕಡಿಮೆ ಬೇರೆ. ಬಟ್ಟೆಯನ್ನು ಹಲವು ಪದರ ಹಾಸಿ ಒಟ್ಟಿಗೆ ಕತ್ತರಿಸುವಾಗ ಪದರ ಸರಿಯುತ್ತದೆ. ಹೊಲಿಗೆಯಲ್ಲಿ ಒಂದು ಗೆರೆ ಒಳಕ್ಕೋ ಹೊರಕ್ಕೋ ಹೋಗುತ್ತದೆ. ಅರ್ಧ ಇಂಚಿನ ವ್ಯತ್ಯಾಸವನ್ನು ಒಪ್ಪಿಕೊಳ್ಳುವುದು ಸಾಮಾನ್ಯವಾದ್ದರಿಂದ, ಒಂದು ಅತ್ತ ಒಂದು ಇತ್ತ ಹೋದ, ಒಂದೇ ಸಂಸ್ಥೆಯ ಒಂದೇ ಸೈಜಿನ ಎರಡು ಕುರ್ತಾಗಳ ನಡುವೆ ಒಂದು ಇಂಚು ಅಂತರವಿರಬಹುದು. ಹತ್ತಿಯ ಬಟ್ಟೆಯಾದರೆ ಮೊದಲ ಒಗೆತದಲ್ಲಿ ಇನ್ನಷ್ಟು ಕುಗ್ಗುತ್ತದೆ.

ಅಂಕಿಗೆ ಸಾರ್ವತ್ರಿಕ ಮೂಲಮಾನವನ್ನು ಕೊಡಬೇಕೆಂಬ ಪ್ರಯತ್ನ ನಡೆಯದೆ ಇಲ್ಲ. ಅಮೆರಿಕದ ಕೃಷಿ ಇಲಾಖೆ ೧೯೩೯–೪೦ರಲ್ಲಿ ಸುಮಾರು ೧೫,೦೦೦ ಹೆಂಗಸರ ಮೈಯನ್ನು, ತೂಕವೂ ಸೇರಿ ಒಬ್ಬೊಬ್ಬರಲ್ಲಿ ೫೯ ಕಡೆ, ಅಳೆಯಿಸಿತು. ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಸಿದ್ಧಪಡಿಸಿದ ವರದಿ ೧೯೪೧ರಲ್ಲಿ ಪ್ರಕಟವಾಯಿತು. ಆ ಶ್ರಮದಲ್ಲಿಯೂ ಒಂದು ದೊಡ್ಡ ಲೋಪವಿದ್ದಿತು: ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರು. ಅನಂತರ ಸರಕಾರ ಒಂದು ಪ್ರಮಾಣವನ್ನು ನಿಗದಿಮಾಡಬೇಕೆಂದು ಒತ್ತಾಯಪಡಿಸಿದವರು ಅಂಚೆಯ ಮೂಲಕ ಉಡುಪು ಮಾರುತ್ತಿದ್ದ ವ್ಯಾಪಾರಿಗಳೆಂಬುದು ಗಮನಾರ್ಹ; ಹೊಂದದ ಉಡುಪು ಅಂಚೆಯಲ್ಲಿ ಹಿಂದಿರುಗಿ ಬರುವುದು ಅವರಿಗೆ ನಷ್ಟ. ಇಂದಿನ ಮೊಬೈಲ್ ವ್ಯಾಪಾರದ ತೊಂದರೆ ಅಂದೇ ಇದ್ದಿತು. ೧೯೫೮ರಲ್ಲಿ ಪ್ರಮಾಣಪಟ್ಟಿ ಹೊರಬಂದಿತಾದರೂ ಅದನ್ನು ಅನುಸರಿಸುವುದು ತಯಾರಕರ ಇಚ್ಛೆಗೆ ಬಿಟ್ಟ ವಿಷಯವಾಗಿದ್ದಿತು. ೧೯೮೩ರಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು.

ಇಷ್ಟರಲ್ಲಿ ವ್ಯಾಪಾರಿಗಳಿಗೆ ಇನ್ನೊಂದು ಉಪಾಯ ಹೊಳೆದಿದ್ದಿತು. ಚೀಟಿಯ ಅಂಕಿ ಚಿಕ್ಕದಾದರೆ ಕೊಳ್ಳುವವಳಿಗೆ ತಾನು ತೆಳ್ಳಗಿರುವೆನೆಂಬ ಸಂತೋಷ. ಸಂತೋಷಪಟ್ಟವಳು ಮತ್ತೆ ಬರುತ್ತಾಳೆ. ಆದುದರಿಂದ ಬಟ್ಟೆಯನ್ನು ಅಷ್ಟೇ ದೊಡ್ಡದಾಗಿ ಇಟ್ಟು ಅಂಕಿಯನ್ನು ಇಳಿಸುತ್ತ ಬಂದರು. ಎದೆಯ ಸುತ್ತು ೩೨ ಇಂಚು ಇರುವವಳಿಗೆ ಸಿಯರ್ಸ್ ಸಂಸ್ಥೆಯ ೧೯೩೭ರ ಪಟ್ಟಿಯಲ್ಲಿ ಸೈಜು ೧೪. ೧೯೬೭ರ ಪಟ್ಟಿಯಲ್ಲಿ ಅದೇ ಮೈಗೆ ೮. ಮೂವತ್ತು ವರ್ಷಗಳಲ್ಲಿ ಇಂಚು ಬದಲಾಗಲಿಲ್ಲ, ಅಂಕಿ ಬದಲಾಯಿತು. ಅಕ್ಕಿಯ ವ್ಯಾಪಾರಿ ಸೇರನ್ನು ಹೀಗೆ ಬದಲಿಸಿದ್ದರೆ ದಂಡ ತೆರಬೇಕಾಗುತ್ತಿತ್ತು.

ಈ ಪರದೇಶದ ಅಂಕಿಗಳು ಐರೋಲಿಯ ಅಂಗಡಿಯವರೆಗೆ ಬರುವ ದಾರಿ ಅಗೋಚರವಾದುದೇನಲ್ಲ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಕನ್ನಡ ಹೆಣ್ಣುಮಕ್ಕಳು ಹೊಲಿಯುವ ಉಡುಪಿನ ದೊಡ್ಡ ಪಾಲು ಅಮೆರಿಕ, ಯುರೋಪುಗಳ ಸೈಜಿನದು. ಬ್ರಿಟನ್ನಿನ ೧೨, ಅಮೆರಿಕದ ೮, ಫ್ರಾನ್ಸಿನ ೪೦, ಜರ್ಮನಿಯ ೩೮ ಎಲ್ಲವೂ ಸುಮಾರಾಗಿ ಒಂದೇ ಮೈಗೆ ಇಟ್ಟ ಹೆಸರುಗಳು. ರಫ್ತಿನಲ್ಲಿ ಉಳಿದ ಸರಕು ದೇಶದ ಬೀದಿಗಳಿಗೆ ಬರುವಾಗ ಈ ಅಂಕಿಗಳನ್ನು ಹೊತ್ತೇ ಬರುತ್ತದೆ. ಕಲ್ಯಾಣದ ನೆರೆಯ ಉಲ್ಲಾಸನಗರದಲ್ಲಿ ಹೊಲಿದ ಜೀನ್ಸು, ದೊಡ್ಡ ಅಂಗಡಿಗಳ ಬ್ರಾಂಡಿನ ಕುರ್ತಾ, ಪರದೇಶಕ್ಕೆ ಹೋಗಬೇಕಿದ್ದ ಮೇಲಂಗಿ—ಮೂರೂ ಒಂದೇ ಬೀದಿಯಲ್ಲಿ ತೂಗುತ್ತವೆ. ಮೂರರ ಹಿಂದೆಯೂ ಮೂರು ಬೇರೆ ಬೇರೆ ಮೈಗಳ ಊಹೆಯಿದೆ. ಆ ಮೂವರಲ್ಲಿ ಕೊಳ್ಳಲು ಬಂದವಳು ಯಾರೂ ಅಲ್ಲ.

ಭಾರತೀಯರ ಮೈಯನ್ನು ಅಳೆದು ಪಟ್ಟಿಮಾಡುವ ಕೆಲಸವನ್ನು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಕೈಗೆತ್ತಿಕೊಂಡಿತು. ಅದರ ಮುಂಬಯಿ ಶಾಖೆ ಇರುವುದು ನವಿ ಮುಂಬಯಿಯ ಖಾರ್ಘರಿನಲ್ಲಿ. ‘ಇಂಡಿಯಾ ಸೈಜ್’ ಎಂಬ ಹೆಸರಿನ ಈ ಯೋಜನೆಯಲ್ಲಿ ಕೋಲ್ಕತಾ, ಮುಂಬಯಿ, ದೆಹಲಿ, ಹೈದರಾಬಾದು, ಬೆಂಗಳೂರು, ಶಿಲ್ಲಾಂಗ್ ಎಂಬ ಆರು ನಗರಗಳಲ್ಲಿ ೧೫ರಿಂದ ೬೫ ವಯಸ್ಸಿನ ೨೫,೦೦೦ ಸ್ತ್ರೀಪುರುಷರನ್ನು ಮೈಯ ಸುತ್ತಲೂ ಬೆಳಕು ಹಾಯಿಸಿ ಅಳೆಯುವ ಯಂತ್ರಗಳಿಂದ ಅಳೆಯುವ ಉದ್ದೇಶವಿದ್ದಿತು. ಪ್ರಯತ್ನ ಸ್ತುತ್ಯವಾದುದು. ಆದರೆ ಅಮೆರಿಕದ ಅನುಭವ ಒಂದು ಎಚ್ಚರಿಕೆಯನ್ನು ಕೊಡುತ್ತದೆ: ಪಟ್ಟಿ ಎಷ್ಟೇ ಶಾಸ್ತ್ರೀಯವಾಗಿರಲಿ, ಚೀಟಿಯಲ್ಲಿ ಅದನ್ನು ಅನುಸರಿಸದಿದ್ದರೆ ಅದು ಗ್ರಂಥಾಲಯದ ಸೊತ್ತಾಗಿ ಉಳಿಯುತ್ತದೆ. ಇದಲ್ಲದೆ ಸರಾಸರಿಯ ಮೈ ಯಾರದೂ ಅಲ್ಲ. ಪಟ್ಟಿಯಿಂದ ಅಂಕಿಗಳು ಒಂದಾಗಬಹುದೇ ಹೊರತು ಮೈಗಳು ಒಂದಾಗಲಾರವು.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ವಿಚಾರವೇಕೆಂದು ಕೆಲವರಿಗೆ ತೋರಬಹುದು. ಹಣ, ಹೊತ್ತುಗಳ ನಷ್ಟ ಒತ್ತಟ್ಟಿಗಿರಲಿ. ಉಡುಪು ಹೊಂದದಿದ್ದಾಗ ತಪ್ಪು ಯಾರದೆಂಬ ಪ್ರಶ್ನೆ ಏಳುತ್ತದೆ. ದರ್ಜಿ ಹೊಲಿದ ಕುಪ್ಪಸ ಬಿಗಿಯಾದರೆ ‘ದರ್ಜಿ ಕೆಡಿಸಿದ’ ಎಂದು ಹೆಂಗಸು ನಿರ್ಭಿಡೆಯಿಂದ ಹೇಳುತ್ತಿದ್ದಳು. ಕುಪ್ಪಸವನ್ನು ಅವನ ಮುಂದಿಟ್ಟು ಸರಿಪಡಿಸಿಕೊಳ್ಳುತ್ತಿದ್ದಳು. ಸಿದ್ಧ ಉಡುಪು ಬಿಗಿಯಾದರೆ ಕೇಳಲು ಎದುರಿಗೆ ಯಾರೂ ಇಲ್ಲ. ಆಗ ಅವಳು ತನ್ನ ಮೈಯನ್ನೇ ಹಳಿದುಕೊಳ್ಳುತ್ತಾಳೆ. ಹದಿನಾರರ ಹುಡುಗಿ ಊಟ ಬಿಡುವುದಕ್ಕೂ, ಐವತ್ತರ ಗೃಹಿಣಿ ‘ನನ್ನ ಸೈಜಿನದು ಸಿಗುವುದಿಲ್ಲ’ವೆಂದು ಅಂಗಡಿಯ ಬಾಗಿಲಲ್ಲೇ ಹಿಂಜರಿಯುವುದಕ್ಕೂ ಅರ್ಥವಿಲ್ಲದ ಒಂದು ಅಂಕಿ ನೆಪವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಖರ್ಚಿನ ವಿಷಯದಲ್ಲಿ ಸರಿ. ಕಾಲಿಗೆ ತಕ್ಕ ಹಾಸಿಗೆಯನ್ನು ಮಾಡಬಲ್ಲ ಕಸುಬಿರುವಾಗ ಅದನ್ನು ಉಡುಪಿಗೂ ಹಚ್ಚುವುದು ನ್ಯಾಯವಲ್ಲ.

ಪರಿಹಾರ ಸರಳವಾದುದು; ಅದರ ತತ್ತ್ವ ಹಳೆಯ ಶಾಸನಗಳದೇ. ಚೀಟಿ ತನ್ನ ಗಳೆಯ ಹೆಸರನ್ನು ಹೇಳಬೇಕು. ಯುರೋಪಿನಲ್ಲಿ ೨೦೦೧ರಿಂದ ಹೊರಬಂದ ‘ಇಎನ್ ೧೩೪೦೨’ ಎಂಬ ಪ್ರಮಾಣದಂತೆ, ಚೀಟಿಯ ಮೇಲೆ ಮೈಯ ಚಿಕ್ಕ ರೇಖಾಚಿತ್ರವನ್ನು ಬರೆದು, ಎದೆ, ನಡು, ಸೊಂಟಗಳ ನೇರಕ್ಕೆ ಮೈಯ ಅಳತೆಯನ್ನು ಸೆಂಟಿಮೀಟರಿನಲ್ಲಿ ಕೊಡಬಹುದು. ಭಾರತದಲ್ಲಿಯೂ ೨೦೨೨ರಲ್ಲಿ ಕೇಂದ್ರ ಸರಕಾರ ಬಿಡಿಯಾಗಿ ಮಾರುವ ಸಿದ್ಧ ಉಡುಪಿನ ಚೀಟಿಯಲ್ಲಿ ‘ಎಸ್’, ‘ಎಂ’, ‘ಎಲ್’ ಅಕ್ಷರಗಳೊಡನೆ ಸೆಂಟಿಮೀಟರಿನ ಅಳತೆಯೂ ಇರಬೇಕೆಂದು ವಿಧಿಸಿತು. ಇದು ಒಳ್ಳೆಯ ಹೆಜ್ಜೆ. ಆದರೆ ಚೀಟಿಯಲ್ಲಿ ಕಾಣುವ ಸೆಂಟಿಮೀಟರು ಮೈಯದೋ ಬಟ್ಟೆಯದೋ ಎಂಬುದು ಎಲ್ಲ ಕಡೆಯೂ ಸ್ಪಷ್ಟವಾಗಿರುವುದಿಲ್ಲ. ಅದು ಸ್ಪಷ್ಟವಾದಾಗಲೇ ಅಂಕಿ ಅಳತೆಯೆನಿಸಿಕೊಳ್ಳುತ್ತದೆ.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿರುವ ಉಪಾಯ ಅಳತೆ ಕುಪ್ಪಸದ್ದೇ. ಮನೆಯಲ್ಲಿ ಚೆನ್ನಾಗಿ ಹೊಂದುವ ಕುರ್ತಾವೊಂದನ್ನು ಮಂಚದ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ, ನಡುವಿಗೆ, ಸೊಂಟಕ್ಕೆ, ಹೆಗಲಿನಿಂದ ಹೆಗಲಿಗೆ ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಬಹುದು. ಅಂಗಡಿಯ ಕುರ್ತಾವನ್ನೂ ಹಾಗೆಯೇ ಅಳೆದು ತಾಳೆ ನೋಡಬಹುದು. ಒಳಹೊಲಿಗೆಯಲ್ಲಿ ಬಟ್ಟೆ ಬಿಟ್ಟಿದ್ದಾರೆಯೇ ಎಂದು ನೋಡುವುದೂ ಒಳ್ಳೆಯದು. ಬಿಟ್ಟಿದ್ದರೆ ಬೀದಿಯ ಮೂಲೆಯ ದರ್ಜಿ ಉಳಿದುದನ್ನು ಸರಿಪಡಿಸಬಲ್ಲ. ಚೀಟಿಯ ಅಂಕಿಯನ್ನು ಆಗ ನೋಡಬೇಕಾದ ಅಗತ್ಯವೇ ಇಲ್ಲ. ಅದು ಉಡುಪಿಗೆ ಅಂಗಡಿಯವರು ಇಟ್ಟುಕೊಂಡ ಗುರುತೇ ಹೊರತು ಉಡುವವಳ ಮೈಯ ಮೇಲೆ ಕೊಟ್ಟ ತೀರ್ಪಲ್ಲ.