ಕೌದಿಗೂ ಉಂಟು ಮುಯ್ಯಿ



ನಾಟಿ ಕಾಲದಲ್ಲಿ ನೀವು ಮುಯ್ಯಾಳು ಕೂಡುತ್ತೀರಿ. ಅಮೆರಿಕದ ಕೌದಿ ಹೊಲಿಯುವವರ ಸಂಘಗಳಲ್ಲಿಯೂ ಇಂಥದೇ ಪದ್ಧತಿಯುಂಟು.

ಆಯಾ ತಿಂಗಳ ಮಾದರಿಯನ್ನೂ ಬಣ್ಣಗಳನ್ನೂ ಮೊದಲೇ ಗೊತ್ತುಮಾಡುತ್ತಾರೆ. ಸದಸ್ಯರು ಬಟ್ಟೆಯ ತುಂಡುಗಳನ್ನು ಜೋಡಿಸಿ, ತಲೆಗೊಂದು ಚೌಕ ಹೊಲಿದು ಸಭೆಗೆ ತರುತ್ತಾರೆ. ಹಲವು ಸಂಘಗಳಲ್ಲಿ ಚೀಟಿ ಎತ್ತಿ, ಹೆಸರು ಬಂದವರಿಗೆ ಎಲ್ಲ ಚೌಕಗಳನ್ನೂ ಕೊಡುತ್ತಾರೆ. ಸಾಲಿಗೆ 4ರಂತೆ 5 ಸಾಲು, ಅಂದರೆ 20 ಚೌಕ ಸೇರಿಸಿದರೆ 4 ಅಡಿ ಅಗಲ, 5 ಅಡಿ ಉದ್ದದ ಮೇಲ್ಪದರ ಸಿದ್ಧವಾಗುತ್ತದೆ.

ಮೂರು ಮಾತು ಮರೆಯಬಾರದು.

1. ಚೌಕವು ಸರಿಯಾಗಿ ಹನ್ನೆರಡೂವರೆ ಅಂಗುಲವಿರಬೇಕು. ನಾಲ್ಕು ಕಡೆಯೂ ಕಾಲಂಗುಲ ಹೊಲಿಗೆಗೆ ಹೋಗಿ 12 ಅಂಗುಲ ಉಳಿಯುತ್ತದೆ. ಒಂದು ಚೌಕ ಗಿಡ್ಡವಾದರೂ ಇಡೀ ಸಾಲು ಸುಕ್ಕುಗಟ್ಟುತ್ತದೆ.

2. ಬಟ್ಟೆಯನ್ನು ಮೊದಲೇ ಒಗೆದು ನೋಡಬೇಕು. ಒಬ್ಬರ ಕೆಂಪು ಬಟ್ಟೆ ಬಣ್ಣ ಬಿಟ್ಟರೆ ಉಳಿದ 19 ಜನರ ದುಡಿಮೆ ಕೆಡುತ್ತದೆ.

3. ಕೌದಿ ಪಡೆದವರು ಮುಂದಿನ ತಿಂಗಳೂ ಚೌಕ ತರಬೇಕು. ಪಡೆದವರು ತಪ್ಪಿಸಿಕೊಂಡರೆ ಕೊನೆಯವರಿಗೆ ಏನು ಉಳಿದೀತು?

ನಿಮ್ಮ ಊರಿನ ಮಹಿಳಾ ಸಂಘದವರೂ ಹಳೆಯ ಸೀರೆ, ಪಂಚೆಗಳಿಂದ ಇದನ್ನು ಆರಂಭಿಸಬಹುದು. ಅಳತೆಗೆ ಒಂದು ರಟ್ಟಿನ ಚೌಕ ಕತ್ತರಿಸಿ, ಅದನ್ನೇ ಎಲ್ಲರೂ ಬಳಸಿರಿ.